ಗರ್ಭಕೋಶ ಜಾರಿಕೆಯ ಶಸ್ತ್ರಚಿಕಿತ್ಸೆಯಲ್ಲಿ ಸ್ಟೀರಾಯ್ಡ್: ಒಂದು ಚುಚ್ಚುಮದ್ದು, ಹಲವು ವರ್ಷಗಳ ಮಾತ್ರೆ

ಜಾರಿದ ಗರ್ಭಕೋಶಕ್ಕೋ ಸಡಿಲಗೊಂಡ ಯೋನಿಭಿತ್ತಿಗೋ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಮಹಿಳೆಗೆ ಸ್ಟೀರಾಯ್ಡ್ ಎರಡು ಬಗೆಯಲ್ಲಿ ಎದುರಾಗುತ್ತದೆ. ವಾಂತಿ ತಡೆಯಲೆಂದು ಅರಿವಳಿಕೆ ತಜ್ಞರು ಕೊಡುವ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಒಂದು. ಉಬ್ಬಸಕ್ಕೋ ಕೀಲುವಾತಕ್ಕೋ ಆಕೆ ವರ್ಷಗಳಿಂದ ನುಂಗುತ್ತಿರುವ ಪ್ರೆಡ್ನಿಸೊಲೋನ್ ಮಾತ್ರೆ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಎಂಬುದು ಈ ಲೇಖನದ ವಾದ.

ಮೊದಲನೆಯದು ಗಾಯಕ್ಕೆ ಸೋಂಕು ತರುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹೃದಯೇತರ ಶಸ್ತ್ರಚಿಕಿತ್ಸೆಗೆ ಒಳಗಾದ ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ‘ಪ್ಯಾಡಿ’ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 8 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಪಡೆದವರಲ್ಲಿ ಗಾಯದ ಸೋಂಕು ಶೇ. 8.1, ಪಡೆಯದವರಲ್ಲಿ ಶೇ. 9.1. ವಾಂತಿ ತಗ್ಗುವುದು ಯೋನಿಮಾರ್ಗದ ದುರಸ್ತಿಯಲ್ಲಿ ಬರೀ ಹಿತದ ಮಾತಲ್ಲ: ಪ್ರತಿ ಓಕರಿಕೆಯೂ ಹೊಟ್ಟೆಯೊಳಗಿನ ಒತ್ತಡ ಏರಿಸಿ ಹಸಿ ಹೊಲಿಗೆಯನ್ನು ಕೆಳಕ್ಕೆ ಜಗ್ಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ಒಂದೆರಡು ದಿನ ರಕ್ತದ ಸಕ್ಕರೆ ಏರೀತು.

ಎರಡನೆಯದು ಬೇರೆಯೇ ಕಥೆ. ದೀರ್ಘಕಾಲದ ಸ್ಟೀರಾಯ್ಡ್ ಉರಿಯೂತವನ್ನು ಅದುಮುವುದರ ಜೊತೆಗೆ ನಾರುಕೋಶಗಳ ಕೊಲಾಜೆನ್ ತಯಾರಿಕೆಯನ್ನೂ ಕುಗ್ಗಿಸುತ್ತದೆ. ಜಾಲರಿ ಬಳಸದ ದುರಸ್ತಿ ನಿಂತಿರುವುದೇ ಆ ಕೊಲಾಜೆನ್ ಮೇಲೆ. ಆರೋಗ್ಯವಂತರ ಚರ್ಮದ ಗಾಯ ಕೂಡ ಮೂರನೆಯ ವಾರಕ್ಕೆ ಮೂಲಬಲದ ಸುಮಾರು ಐದನೆಯ ಒಂದು ಪಾಲನ್ನಷ್ಟೇ ಗಳಿಸಿರುತ್ತದೆ. ಹೊಲಿಗೆಯ ಪಾಲಿಗ್ಲಾಕ್ಟಿನ್ ದಾರವಾದರೋ ನಾಲ್ಕು ವಾರಕ್ಕೆ ಬಲದ ಬಹುಪಾಲು ಕಳೆದುಕೊಂಡಿರುತ್ತದೆ. ಅಂಗಾಂಶ ಬಲಗೊಳ್ಳುವುದು ತಡವಾಯಿತೆಂದು ಅದು ಕಾಯುವುದಿಲ್ಲ. ಹೀಗಾಗಿ ಇಂಥವರಲ್ಲಿ ನಿಧಾನವಾಗಿ ಕರಗುವ ಪಾಲಿಡಯಾಕ್ಸನೋನ್ ದಾರ ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ. ಭಾರ ಎತ್ತಬಾರದೆಂಬ ಆರು ವಾರಗಳ ರೂಢಿಯ ಗಡುವನ್ನೂ ಇವರಿಗೆ ಹಿಗ್ಗಿಸಬೇಕು. ಉಬ್ಬಸದವರಲ್ಲಿ ಕೆಮ್ಮನ್ನು ಮೊದಲೇ ಹತೋಟಿಗೆ ತರದಿದ್ದರೆ ಇದೆಲ್ಲ ನೀರಿನಲ್ಲಿ ಹೋಮ.

ಹಾಗೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವಂತಿಲ್ಲ. ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ 1948ರಲ್ಲಿ ಕೀಲುವಾತಕ್ಕೆ ಬಳಕೆಗೆ ಬಂತು; 1952ರಲ್ಲೇ, ಅದನ್ನು ಸೇವಿಸುತ್ತಿದ್ದ ರೋಗಿ ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸದ ಆಘಾತದಿಂದ ಸತ್ತ ವರದಿ ಬಂತು. ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಬತ್ತಿಹೋಗಿತ್ತು. ದಿನಕ್ಕೆ 5 ಮಿ.ಗ್ರಾಂ. ಅಥವಾ ಹೆಚ್ಚು ಪ್ರೆಡ್ನಿಸೊಲೋನನ್ನು ನಾಲ್ಕು ವಾರ ತೆಗೆದುಕೊಂಡವರಿಗೆ, ದೊಡ್ಡ ಶಸ್ತ್ರಚಿಕಿತ್ಸೆಯ ಅರಿವಳಿಕೆಯ ಆರಂಭದಲ್ಲಿ 100 ಮಿ.ಗ್ರಾಂ. ಹೈಡ್ರೊಕಾರ್ಟಿಸೋನ್ ಕೊಡಬೇಕೆಂದು 2020ರ ಬ್ರಿಟಿಷ್ ಮಾರ್ಗಸೂಚಿ ಹೇಳುತ್ತದೆ.

ನಮ್ಮಲ್ಲಿ ತೊಡಕು ಇನ್ನೂ ಮೊದಲೇ ಶುರುವಾಗುತ್ತದೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಬಿಡಿ ಮಾತ್ರೆಯಲ್ಲಿ ಏನಿದೆ ಎಂಬುದು ಎಷ್ಟೋ ಸಲ ರೋಗಿಗೇ ಗೊತ್ತಿರುವುದಿಲ್ಲ. ‘ಸ್ಟೀರಾಯ್ಡ್ ತಗೋತೀರಾ?’ ಎಂದರೆ ‘ಇಲ್ಲ’ ಎನ್ನುತ್ತಾರೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿ ತನ್ನಿ ಎನ್ನುವುದೇ ಮೇಲು. ಸ್ಟೀರಾಯ್ಡ್ ಉರಿಯೂತವನ್ನು ಅದುಮುವುದರಿಂದ ಇಂಥವರಿಗೆ ಸೋಂಕಾದರೂ ಜ್ವರ ಬಾರದಿರಬಹುದು. ವಾಸನೆಯ ಸ್ರಾವ ಕಂಡರೆ ಥರ್ಮಾಮೀಟರ್ ನೋಡುತ್ತ ಕೂರದೆ ಆಸ್ಪತ್ರೆಗೆ ಬರಲು ಬಿಡುಗಡೆಯ ದಿನವೇ ಹೇಳಿ ಕಳಿಸಬೇಕು.