ಗರ್ಭಿಣಿಯ ಮಾತ್ರೆ: ಬೈಕುಲ್ಲಾ–ಪರೇಲಿನ ಪಾಠ

ಚೊಚ್ಚಲ ಬಸುರಿಯಾದ ನಮ್ಮ ಅಕ್ಕನ ಮಗಳು ಬೈಕುಲ್ಲಾದ ನಮ್ಮ ಮನೆಗೆ ಬಂದಿದ್ದಳು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆಂದು ಅವಳು ಹೇಳಿದಾಗ ನೆರೆಮನೆಯವರು ಮೆಗ್ನೀಸಿಯಂ ಮಾತ್ರೆಯ ಸೀಸೆಯೊಂದನ್ನು ಕೊಟ್ಟರು. "ಮಾವಾ, ನೀವು ಬಿ.ಎಸ್ಸಿ. ಓದಿದವರು. ಇದನ್ನು ನುಂಗಬಹುದೇ?" ಎಂದಳು. ಡಾಕ್ಟರರನ್ನು ಕೇಳದೆ ಬೇಡವೆಂದೆವು. ನಮ್ಮ ಈ ಬಡಾವಣೆಯ ಚರಿತ್ರೆ ಕಲಿಸುವ ಪಾಠವೂ ಅದೇ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ವಿಜ್ಞಾನಿ ಹಾಫ್ಕಿನ್ ಬೈಕುಲ್ಲಾದ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಬಳಿಕ ಬೈಕುಲ್ಲಾ ಜೈಲಿನಲ್ಲಿ, ಲಸಿಕೆ ಪಡೆದ ಕೈದಿಗಳನ್ನು ಪಡೆಯದವರೊಡನೆ ಹೋಲಿಸಿ ನೋಡಿದರು. 1899ರಲ್ಲಿ ಪರೇಲಿಗೆ ಹೋದ ಅವರ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್ಕಿನ್ ಸಂಸ್ಥೆ ಎಂಬ ಹೆಸರಾಯಿತು.

1928ರಲ್ಲಿ ಆ ಸಂಸ್ಥೆಗೆ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದರು. ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಬಳಲುತ್ತಿದ್ದರು. ವಿಲ್ಸ್ ಮೊದಲು ಪರಿಶೀಲಿಸಿದ್ದು ಅವರ ಊಟವನ್ನು. ಯಾರ ಆಹಾರ ಸತ್ವಹೀನವೋ ಅವರಲ್ಲೇ ರೋಗ ಹೆಚ್ಚೆಂದು ಕಂಡರು. ಪ್ರಾಣಿಗಳ ಮೇಲೆಯೂ ಪರೀಕ್ಷೆ ನಡೆಸಿ, ಮಾರ್ಮೈಟ್ ಎಂಬ ಯೀಸ್ಟ್ ಸಾರದಿಂದ ಈ ರೋಗ ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಸತ್ವವೇ ಫೋಲಿಕ್ ಆಮ್ಲ. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಲಾಯಿತು. ಇಂದು ನಮ್ಮ ಸರ್ಕಾರ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿಂದ 180 ದಿನ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿದೆ.

ಮೆಗ್ನೀಸಿಯಂ ಮಾತ್ರೆಗೆ ಇಂಥ ಗಟ್ಟಿ ಆಧಾರವಿಲ್ಲ. ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿದ 2014ರ ಕೊಕ್ರೇನ್ ವಿಮರ್ಶೆ, ಎಲ್ಲ ಗರ್ಭಿಣಿಯರಿಗೂ ಅದರಿಂದ ಲಾಭವೆನ್ನಲು ಸಾಕಷ್ಟು ಉತ್ತಮ ಪುರಾವೆಯಿಲ್ಲವೆಂದಿತು. ಸ್ನಾಯು ಸೆಳೆತದ ವಿಷಯದಲ್ಲೂ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಮಾತ್ರೆ ಹೆಚ್ಚಾದರೆ ಭೇದಿಯಾಗುತ್ತದೆ. ಮೂತ್ರಪಿಂಡದ ದೋಷವಿದ್ದವರಲ್ಲಿ ಮೆಗ್ನೀಸಿಯಂ ರಕ್ತದಲ್ಲಿ ಉಳಿದು ಅಪಾಯ ತರಬಲ್ಲದು. ಡಾಕ್ಟರರು ಬರೆದುಕೊಟ್ಟರೂ ಕಬ್ಬಿಣದ ಮಾತ್ರೆಯೊಡನೆ ಒಂದೇ ಹೊತ್ತಿಗೆ ನುಂಗಬಹುದೇ ಎಂದು ಕೇಳಿಕೊಳ್ಳಬೇಕು.

ರಕ್ತದೊತ್ತಡ ಏರಿ ಗರ್ಭಿಣಿಗೆ ಫಿಟ್ಸ್ ಬಂದಾಗ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಜೀವ ಉಳಿಸುತ್ತದೆ, ನಿಜ. 1995ರಲ್ಲಿ ಪ್ರಕಟವಾದ, ಭಾರತವೂ ಸೇರಿದ್ದ ದೊಡ್ಡ ಪ್ರಯೋಗವೊಂದು ಅದರ ಮೇಲ್ಮೆಯನ್ನು ತೋರಿಸಿತು. ಆದರೆ ಅದನ್ನು ಕೊಡುವುದು ಆಸ್ಪತ್ರೆಯಲ್ಲಿ; ಉಸಿರು, ಮೂತ್ರ, ಮೊಣಕಾಲಿನ ಪ್ರತಿಕ್ರಿಯೆಗಳನ್ನು ನೋಡುತ್ತ. ಸೀಸೆಯ ಮಾತ್ರೆ ಅದಕ್ಕೆ ಬದಲಾಗದು.

ನಮ್ಮ ಹುಡುಗಿಯನ್ನು ಕರೆದೊಯ್ದಾಗ ಡಾಕ್ಟರರು ಮೊದಲು ಕೇಳಿದ್ದು, "ಊಟಕ್ಕೆ ಏನು ತಿನ್ನುತ್ತೀಯಮ್ಮಾ?" ಎಂದು. ರಾಗಿ, ಹುರುಳಿ, ಎಳ್ಳು, ಸೊಪ್ಪು ಇವುಗಳಲ್ಲಿ ಮೆಗ್ನೀಸಿಯಂ ಧಾರಾಳವಾಗಿದೆ. ಊರು ಬಿಟ್ಟು ಬಂದ ನಾವು ಆ ಊಟವನ್ನೂ ಬಿಟ್ಟು ಸೀಸೆಯನ್ನು ನಂಬುವುದು ಬೇಡ. ಸಂಘದ ತಾಯಂದಿರು, ಸೊಸೆಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಬಿನ್ನಹ.