ಜಪಾನಿನ ಮಲ್ಲರಂಗದಲ್ಲಿ ‘ಪರಮದುಷ್ಟಕೂಟ’

ಶತ್ರುವಿನ ಕುಲ, ಶೌರ್ಯ, ವಿದ್ಯೆಗಳನ್ನು ವರ್ಣಿಸಿ, ಅಂತಹವನನ್ನು ನಾಯಕನು ಗೆದ್ದನೆಂದು ಹೇಳುವುದರಿಂದ ನಾಯಕನ ಉತ್ಕರ್ಷವು ಹೆಚ್ಚುವುದೆಂದು ದಂಡಿಯ ಮತ. ಈ ನ್ಯಾಯವು ಕಾವ್ಯಕ್ಕೆ ಮಾತ್ರವಲ್ಲದೆ ಜನರಂಜನೆಯ ಮಲ್ಲರಂಗಕ್ಕೂ ಸಲ್ಲುವುದೆಂಬುದಕ್ಕೆ ಜಪಾನು ದೇಶದ ಒಂದು ಸ್ತ್ರೀಕೂಟದ ಚರಿತ್ರೆಯು ನಿದರ್ಶನವಾಗಿದೆ.

ಆ ದೇಶದಲ್ಲಿ ಮಾತ್ಸುನಾಗ ಸಹೋದರರು 1968ರಲ್ಲಿ ಅಖಿಲ ಜಪಾನ್ ಸ್ತ್ರೀಮಲ್ಲರ ಸಂಸ್ಥೆಯನ್ನು ಸ್ಥಾಪಿಸಿದರು. ಇಂತಹ ವೃತ್ತಿಕುಸ್ತಿಯಲ್ಲಿ ಜಯಾಪಜಯಗಳು ಬಹುಮಟ್ಟಿಗೆ ಪೂರ್ವನಿಶ್ಚಿತವಾದವು. ಆದರೆ ಬೀಳುವ ಪೆಟ್ಟು, ಹರಿಯುವ ರಕ್ತ, ಸೋತವಳ ನೋವು ಇವು ಕೇವಲ ನಟನೆಯಲ್ಲ. ಕಣಕ್ಕಿಳಿಯುವವರಲ್ಲಿ ಸಜ್ಜನಪಕ್ಷ, ದುರ್ಜನಪಕ್ಷಗಳೆಂಬ ವಿಭಾಗವುಂಟು.

1980ರಲ್ಲಿ ಈ ಸಂಸ್ಥೆಯ ಕಣವನ್ನು ಮೊದಲು ಪ್ರವೇಶಿಸಿದ ತರುಣಿಯರಲ್ಲಿ ಚಿಗುಸಾ ನಾಗಾಯೊ, ಲಯನೆಸ್ ಆಸುಕಾ, ಕಾವೊರು ಮಾತ್ಸುಮೊತೊ ಎಂಬ ಮೂವರು ಇದ್ದರು. ಮೊದಲಿನ ಇಬ್ಬರು 1983ರಲ್ಲಿ ‘ಕ್ರಷ್ ಗ್ಯಾಲ್ಸ್’ ಎಂಬ ಜೋಡಿಯಾದರು. ಫುಜಿ ಟೆಲಿವಿಷನ್ನಿನ ಪ್ರಸಾರದಿಂದಲೂ, ಹಾಡುಗಳ ಧ್ವನಿಮುದ್ರಿಕೆಗಳಿಂದಲೂ ಇವರು ಶಾಲಾಬಾಲಿಕೆಯರ ಆರಾಧ್ಯರಾದರು. ಸ್ಥೂಲಕಾಯಳಾದ ಮಾತ್ಸುಮೊತೊವಿಗೆ ಆ ಭಾಗ್ಯವು ಲಭಿಸಲಿಲ್ಲ. ಸೈತಾಮಾ ಪ್ರಾಂತದ ಬಡಮನೆಯಲ್ಲಿ ಬೆಳೆದಿದ್ದ ಈಕೆಗೆ ತನ್ನ ತಾಯಿಗೊಂದು ಮನೆ ಕಟ್ಟಿಸಿಕೊಡಬೇಕೆಂಬ ಹಂಬಲವಿತ್ತು. ಸಾಮಾನು ಸಾಗಿಸುವ ಲಾರಿಯ ಹೆಸರಿನಿಂದ ‘ಡಂಪ್’ ಎಂಬ ಉಪನಾಮವನ್ನು ಧರಿಸಿ, 1984ರಲ್ಲಿ ಈಕೆಯು ‘ಗೊಕುಆಕು ದೋಮೆಯ್’ ಎಂಬ ಕೂಟವನ್ನು ಕಟ್ಟಿದಳು. ‘ಪರಮದುಷ್ಟರ ಒಕ್ಕೂಟ’ವೆಂದು ಇದರ ಅರ್ಥ.

ಮುಖಕ್ಕೆ ಭೀಕರವಾದ ಬಣ್ಣ, ಕೈಯಲ್ಲಿ ಸರಪಣಿ ಅಥವಾ ಬಿದಿರಿನ ಖಡ್ಗ. ಇದು ಡಂಪಳ ವೇಷ. ಕ್ರೇನ್ ಯೂ ಮೊದಲಿನ ಸಹಚರಿಯಾದಳು. ಎಳೆಯ ವಯಸ್ಸಿನ ಬುಲ್ ನಾಕಾನೊ ಅರ್ಧತಲೆ ಬೋಳಿಸಿಕೊಂಡು ಕೂಟದಲ್ಲಿ ಬೆಳೆದಳು. ತೀರ್ಪುಗಾರನಾದ ಶಿರೊ ಆಬೆಯೂ ಬಹಿರಂಗವಾಗಿ ಈ ಪಕ್ಷವನ್ನೇ ವಹಿಸುತ್ತಿದ್ದನು. ಧರ್ಮಾಸನದಲ್ಲಿಯೇ ಅಧರ್ಮವು ಕುಳಿತುದನ್ನು ಕಂಡು ಪ್ರೇಕ್ಷಕರ ಕ್ರೋಧವು ಇಮ್ಮಡಿಸಿತು. 1985ರ ಫೆಬ್ರವರಿಯಲ್ಲಿ ಡಂಪ್ ಮತ್ತು ಯೂ ಕ್ರಷ್ ಗ್ಯಾಲ್ಸರಿಂದ ಜೋಡಿಕುಸ್ತಿಯ ಜಾಗತಿಕ ಬಿರುದನ್ನು ಕಿತ್ತುಕೊಂಡರು.

ಕೂಟದ ಪರಾಕಾಷ್ಠೆಯು 1985ರ ಆಗಸ್ಟ್ 28ರಂದು ಒಸಾಕಾ ಕೋಟೆಯ ಸಭಾಂಗಣದಲ್ಲಿ ಒದಗಿತು. ಸೋತವಳ ಕೇಶವನ್ನು ಅಲ್ಲಿಯೇ ಬೋಳಿಸತಕ್ಕದ್ದೆಂಬುದು ಅಂದಿನ ಪಣ. ಚಿಗುಸಾ ರಕ್ತಸಿಕ್ತಳಾಗಿ ಸೋತಳು. ಆಕೆಯ ತಲೆಯನ್ನು ಬೋಳಿಸುವಾಗ ಸಾವಿರಾರು ಬಾಲಿಕೆಯರು ಗೋಳಿಟ್ಟರು. ಅಂದಿನಿಂದ ಡಂಪಳು ದೇಶದಲ್ಲಿಯೇ ಅತ್ಯಂತ ದ್ವೇಷಕ್ಕೆ ಗುರಿಯಾದ ಸ್ತ್ರೀಯೆನಿಸಿದಳು. ಆ ದ್ವೇಷವು ರಂಗದಲ್ಲಿ ನಿಲ್ಲದೆ ಆಕೆಯ ತವರುಮನೆಯನ್ನೂ ಮುಟ್ಟಿತು. ವೇಷಕ್ಕೆ ಸಲ್ಲಬೇಕಾದ ಕೋಪವನ್ನು ವ್ಯಕ್ತಿಯು ತೆರಬೇಕಾಯಿತು.

1986ರ ನವೆಂಬರ್ 7ರಂದು ಅದೇ ಸಭಾಂಗಣದಲ್ಲಿ, ಅದೇ ಪಣದಲ್ಲಿ, ಚಿಗುಸಾ ಗೆದ್ದಳು. ಡಂಪಳ ತಲೆಯು ಬೋಳಾಯಿತು. ಧರ್ಮಕ್ಕೆ ಜಯವಾದುದೇನೋ ಸರಿ. ಆದರೆ ಪ್ರತೀಕಾರವು ಪೂರ್ಣವಾದ ಮೇಲೆ ಕಥೆಗೆ ಮುಂದಿನ ಹಾದಿ ಕಿರಿದಾಯಿತು. ಇಪ್ಪತ್ತೈದು ವರ್ಷ ದಾಟಿದವರು ನಿವೃತ್ತರಾಗತಕ್ಕದ್ದೆಂಬ ರೂಢಿಯೂ ಸಂಸ್ಥೆಯಲ್ಲಿತ್ತು. 1988ರ ಫೆಬ್ರವರಿಯಲ್ಲಿ ಡಂಪಳು ನಿವೃತ್ತಳಾದಳು; ಕೂಟವು ಚದರಿತು. ನಾಕಾನೊ ‘ಗೊಕುಮೊನ್ ತೊ’ ಎಂಬ ಹೊಸ ಪಕ್ಷವನ್ನು ಕಟ್ಟಿದಳು. 1990ರಲ್ಲಿ ಸಂಸ್ಥೆಯ ಪರಮ ಬಿರುದನ್ನೂ ಗಳಿಸಿದಳು.

ವಿಚಾರಾರ್ಹವಾದುದು ಮುಂದಿನ ಸಂಗತಿ. ಪ್ರತಿನಾಯಿಕೆಯು ನಿರ್ಗಮಿಸಿದ ಮೇಲೆ ನಾಯಿಕೆಯರೂ ಬಹುಕಾಲ ನಿಲ್ಲಲಿಲ್ಲ. 1989ರಲ್ಲಿ ಚಿಗುಸಾ, ಆಸುಕಾ ಇಬ್ಬರೂ ನಿವೃತ್ತರಾದರು. ಮುಂದೆ ಅವರೆಲ್ಲರೂ ಕಣಕ್ಕೆ ಮರಳಿದರು. ಸಂಸ್ಥೆಯು 2005ರಲ್ಲಿ ಮುಚ್ಚಿತು. 2024ರಲ್ಲಿ ಡಂಪಳ ಜೀವನವನ್ನು ಆಧರಿಸಿದ ನಾಟಕಮಾಲಿಕೆಯು ನೆಟ್‌ಫ್ಲಿಕ್ಸಿನಲ್ಲಿ ಪ್ರಕಟವಾದಾಗ ಒಂದು ಕಾಲದ ದ್ವೇಷಪಾತ್ರಳೇ ಕಥಾನಾಯಿಕೆಯಾದಳು.

ಆದರೆ ಈ ಋಣವನ್ನು ಮೊದಲು ಒಪ್ಪಿಕೊಂಡವರು ಆಕೆಯ ಎದುರಾಳಿಗಳೇ. 1988ರ ಆ ವಿದಾಯದ ದಿನ, ನಿಯಮಿತವಾದ ಕುಸ್ತಿಯು ಮುಗಿದ ಮೇಲೆ, ಜೋಡಿಗಳನ್ನು ಬದಲಿಸಿ ಮತ್ತೊಮ್ಮೆ ಕಾದಿದರು. ಒಸಾಕಾದಲ್ಲಿ ಪರಸ್ಪರರ ಕೇಶವನ್ನು ಕಳೆದಿದ್ದ ಡಂಪ್ ಮತ್ತು ಚಿಗುಸಾ ಆಗ ಒಂದೇ ಪಕ್ಷದಲ್ಲಿ ನಿಂತರು.