ಬೀಗ ಹಾಕಿದ ಮನೆಗಳ ಲೆಕ್ಕ: ಕೊಪ್ಪಳ ಜಿಲ್ಲೆಯಲ್ಲಿ ನ್ಯಾಯಯುತ ಮಾದರಿ ಸಮೀಕ್ಷೆಯ ವಿನ್ಯಾಸ

ಸಾರಾಂಶ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶದಲ್ಲಿ ನಡೆಯುವ ಕುಟುಂಬ ಸಮೀಕ್ಷೆಗಳಿಗೆ ಪಕ್ಷಪಾತ ನುಸುಳುವುದು ಪ್ರಶ್ನಾವಳಿಗಿಂತ ಮೊದಲೇ ಎಂಬುದು ಈ ಲೇಖನದ ವಾದ. ಅದರ ದಾರಿಗಳು ಮೂರು: ಮನೆಗಳ ಪಟ್ಟಿ, ಸಮೀಕ್ಷೆ ನಡೆಯುವ ಋತು, ಬಾಗಿಲಲ್ಲಿ ಉತ್ತರಿಸುವ ವ್ಯಕ್ತಿ. ಮಾದರಿಯನ್ನು ಹಿಗ್ಗಿಸಿದ ಮಾತ್ರಕ್ಕೆ ಈ ದೋಷಗಳು ನೀಗುವುದಿಲ್ಲ. ಕೆಲಸ ಹುಡುಕಿ ಗುಳೆ ಹೋಗುವ ಕುಟುಂಬಗಳನ್ನು ಒಳಗೊಳ್ಳುವ ವಿನ್ಯಾಸವೊಂದನ್ನು ಕೊನೆಯಲ್ಲಿ ಸೂಚಿಸಲಾಗಿದೆ.

1. ಪೀಠಿಕೆ

ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಂದು ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಕೊಪ್ಪಳ ಜಿಲ್ಲೆ ಮುಂಚೂಣಿಯಲ್ಲಿತ್ತು. ಅಕ್ಟೋಬರ್ ಮೊದಲ ವಾರ ಕಳೆಯುವ ಹೊತ್ತಿಗೆ ಜಿಲ್ಲೆಯಲ್ಲಿ ಶೇ 97ರಷ್ಟು ಕೆಲಸ ಮುಗಿದಿದೆ, ಉಡುಪಿ ಮತ್ತು ದಕ್ಷಿಣ ಕನ್ನಡ ಶೇ 60ರ ಆಸುಪಾಸಿನಲ್ಲಿವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಿಳಿಸಿದ್ದರು. ಮಾನವ ಅಭಿವೃದ್ಧಿಯ ಪಟ್ಟಿಗಳಲ್ಲಿ ಕೆಳಗಿರುವ ಜಿಲ್ಲೆ ಇಲ್ಲಿ ಕರಾವಳಿಯನ್ನು ಹಿಂದಿಕ್ಕಿತ್ತು.

ಗಣತಿದಾರರಾಗಿ ದುಡಿದ ಶಿಕ್ಷಕರ ಶ್ರಮವನ್ನು ಗೌರವಿಸುತ್ತಲೇ ಸಂಶೋಧಕ ಇಲ್ಲಿ ಎರಡು ಪ್ರಶ್ನೆ ಕೇಳಬೇಕಾಗುತ್ತದೆ. ಶೇ 97 ಎಂದರೆ ಯಾವ ಮೊತ್ತದಲ್ಲಿ? ಇದೇ ಗಣತಿ ಅನೇಕ ಕುಟುಂಬಗಳು ಗುಳೆ ಹೋಗಿರುವ ಫೆಬ್ರವರಿಯಲ್ಲಿ ನಡೆದಿದ್ದರೆ ಅಷ್ಟೇ ಬಾಗಿಲುಗಳು ತೆರೆಯುತ್ತಿದ್ದವೇ? ಎಲ್ಲರನ್ನೂ ಎಣಿಸುವ ಗಣತಿಯಲ್ಲೇ ಇವು ಮುಖ್ಯವಾಗಿರುವಾಗ, ಕೆಲವೇ ನೂರು ಮನೆಗಳಿಂದ ಇಡೀ ಜಿಲ್ಲೆಯ ಮಾತಾಡುವ ಮಾದರಿ ಸಮೀಕ್ಷೆಯಲ್ಲಿ ಇವುಗಳ ಭಾರ ಇನ್ನೂ ಹೆಚ್ಚು.

2. ಸರಾಸರಿ ಮರೆಮಾಚುವ ಭೂಗೋಳ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 13.9 ಲಕ್ಷ. ಮುನಿರಾಬಾದಿನಲ್ಲಿ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಭಾಗವನ್ನು ಭತ್ತದ ಕಣಜವಾಗಿಸಿದೆ. ಕುಷ್ಟಗಿಯ ಮಸಾರಿ, ಯಲಬುರ್ಗಾದ ಎರೆಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿಕೊಂಡಿವೆ. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ ತನ್ನ 2002ರ ವರದಿಯಲ್ಲಿ ತಾಲ್ಲೂಕನ್ನೇ ಘಟಕವಾಗಿ ಇಟ್ಟುಕೊಂಡು 35 ಸೂಚಕಗಳಿಂದ ಅಳೆಯಿತು. ಕುಷ್ಟಗಿ ಮತ್ತು ಯಲಬುರ್ಗಾ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಸಾಲಿಗೆ ಸೇರಿದವು. ಜಿಲ್ಲಾ ಸರಾಸರಿಯಲ್ಲಿ ಕಾಣದ ಅಂತರ ತಾಲ್ಲೂಕು ಮಟ್ಟದಲ್ಲಿ ಕಂಡಿತು.

ಆದರೆ ತಾಲ್ಲೂಕಿನೊಳಗೂ ಏಕರೂಪತೆ ಇಲ್ಲ. ಹಳೆಯ ಗಂಗಾವತಿ ತಾಲ್ಲೂಕಿನಲ್ಲಿ ಕಾಲುವೆಯಂಚಿನ ವಲಸಿಗ ರೈತರ ಕ್ಯಾಂಪುಗಳೂ ಇದ್ದವು, ಕನಕಗಿರಿ ಸುತ್ತಲಿನ ಒಣಭೂಮಿಯೂ ಇತ್ತು. ಕೊಪ್ಪಳ ತಾಲ್ಲೂಕಿನಲ್ಲಿ ಗಿಣಿಗೇರಿಯ ಕಾರ್ಖಾನೆ ಪಟ್ಟಿಯ ಬದುಕೇ ಬೇರೆ, ಅಳವಂಡಿ ಕಡೆಯ ಒಕ್ಕಲುತನವೇ ಬೇರೆ. ಆದ್ದರಿಂದ ಇಲ್ಲಿ ಸ್ತರ ವಿಂಗಡಣೆ ತಾಲ್ಲೂಕಿನ ಗಡಿಗೆ ನಿಲ್ಲಬಾರದು. ನೀರಾವರಿ ಮತ್ತು ಖುಷ್ಕಿ ಎಂಬ ಎರಡನೆಯ ಗೆರೆಯೂ ಬೇಕು.

3. ಪಟ್ಟಿಯಲ್ಲಿ ಇಲ್ಲದವರು

ಯಾದೃಚ್ಛಿಕ ಆಯ್ಕೆ ನ್ಯಾಯಯುತವಾಗುವುದು ಪಟ್ಟಿಯಲ್ಲಿ ಇರುವವರಿಗೆ ಮಾತ್ರ. ಈ ಜಿಲ್ಲೆಯಲ್ಲಿ ಕೈಗೆ ಸುಲಭವಾಗಿ ಸಿಗುವ ಪ್ರತಿ ಪಟ್ಟಿಗೂ ಅದರದೇ ಕುರುಡುತನವಿದೆ. ಪಹಣಿಯಿಂದ ರೈತರನ್ನು ಆರಿಸಿದರೆ ಹೊಲದ ಒಡೆಯ ಸಿಗುತ್ತಾನೆ, ಲಾವಣಿಗೆ ಹಿಡಿದು ಉಳುವವನು ಸಿಗುವುದಿಲ್ಲ. ಭತ್ತದ ಸೀಮೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಮತದಾರರ ಪಟ್ಟಿ ಊರು ಬಿಟ್ಟವರನ್ನೂ ಹೊತ್ತಿರುತ್ತದೆ. ಕಂದಾಯ ಗ್ರಾಮಗಳ ಪಟ್ಟಿಯಲ್ಲಿ ತಾಂಡಾ ಹಾಗೂ ಕ್ಯಾಂಪುಗಳು ಎಷ್ಟೋ ಕಡೆ ತಾಯಿಗ್ರಾಮದ ಹೆಸರಿನಲ್ಲಿ ಕರಗಿಹೋಗುತ್ತವೆ. 2025ರ ಸಮೀಕ್ಷೆಯಲ್ಲಿ ವಿದ್ಯುತ್ ಮೀಟರುಗಳ ಆಧಾರದಲ್ಲಿ ಮನೆಗಳನ್ನು ಗುರುತಿಸಿ ಚೀಟಿ ಅಂಟಿಸಿದ್ದು ಜಾಣ ಉಪಾಯವೇ. ಆದರೂ ಮೀಟರಿಲ್ಲದ ಶೆಡ್ಡನ್ನು ಪ್ರತ್ಯೇಕವಾಗಿ ಹುಡುಕಿಯೇ ಸೇರಿಸಬೇಕು.

ಹಳೆಯ ಪಟ್ಟಿ ಇನ್ನೊಂದು ತೊಡಕು. 2011ರ ಕೋಷ್ಟಕಗಳಲ್ಲಿ ಇರುವುದು ನಾಲ್ಕೇ ತಾಲ್ಲೂಕು. ಅನಂತರ ಗಂಗಾವತಿಯಿಂದ ಕನಕಗಿರಿ ಮತ್ತು ಕಾರಟಗಿ, ಯಲಬುರ್ಗಾದಿಂದ ಕುಕನೂರು ಬೇರೆಯಾದವು. ಗ್ರಾಮಗಳನ್ನು ಒಂದೊಂದಾಗಿ ಹೊಂದಿಸದೆ ಹಳೆಯ ಗಂಗಾವತಿಯನ್ನು ಇಂದಿನ ಗಂಗಾವತಿಯೊಡನೆ ಹೋಲಿಸಿದರೆ ಎರಡು ಬೇರೆ ಪ್ರದೇಶಗಳನ್ನು ಹೋಲಿಸಿದಂತಾಗುತ್ತದೆ.

ಪಟ್ಟಿಯ ದೋಷವನ್ನು ದೊಡ್ಡ ಸಂಖ್ಯೆ ಸರಿಪಡಿಸದು ಎಂಬುದಕ್ಕೆ ಅಮೆರಿಕದ 1936ರ ಚುನಾವಣೆ ಪ್ರಸಿದ್ಧ ಸಾಕ್ಷಿ. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ದೂರವಾಣಿ ಮತ್ತು ಕಾರು ನೋಂದಣಿಯಂಥ ಪಟ್ಟಿಗಳಿಂದ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ರೂಸ್‌ವೆಲ್ಟ್ ಎರಡು ರಾಜ್ಯ ಬಿಟ್ಟು ಉಳಿದೆಲ್ಲ ಕಡೆ ಗೆದ್ದರು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಸಾವಿರಾರು ಜನರನ್ನು ಮಾತಾಡಿಸಿ ಜಿಲ್ಲೆಯ ಅಭಿಪ್ರಾಯ ಎಂದು ಬರೆದರೂ ಆಗುವುದು ಅದೇ: ಜಾತ್ರೆಗೆ ಬಂದವರ ಮಾತು ಜಾತ್ರೆಗೆ ಬಂದವರದಷ್ಟೇ.

4. ಗುಳೆ ಮತ್ತು ಸಮೀಕ್ಷೆಯ ಋತು

ಗ್ರಾಮೀಣ ಬಡತನ ಹೊರಗಿನವರ ಕಣ್ಣಿಗೆ ಬೀಳದಿರುವುದರ ಬಗ್ಗೆ 1983ರಲ್ಲಿ ಬರೆದ ರಾಬರ್ಟ್ ಚೇಂಬರ್ಸ್, ಡಾಂಬರು ರಸ್ತೆಯ ಪಕ್ಷಪಾತದ ಜೊತೆಗೆ ಒಣಋತುವಿನ ಪಕ್ಷಪಾತವನ್ನೂ ಗುರುತಿಸಿದರು. ಸುಗ್ಗಿ ಮುಗಿದು ದಾರಿ ಒಣಗಿದ ಮೇಲೆ ಅಧ್ಯಯನಕಾರರು ಹಳ್ಳಿಗೆ ಬರುತ್ತಾರೆ. ಮಳೆಗಾಲದ ಹಸಿವು, ರೋಗ ಅವರಿಗೆ ಕಾಣುವುದಿಲ್ಲ. ಕುಷ್ಟಗಿ, ಯಲಬುರ್ಗಾದಲ್ಲಿ ಈ ಮಾತಿಗೆ ಒಂದು ತಿದ್ದುಪಡಿ ಬೇಕು. ಇಲ್ಲಿ ಒಣಋತುವಿನಲ್ಲಿ ಬಡತನದ ಲಕ್ಷಣಗಳಷ್ಟೇ ಅಲ್ಲ, ಬಡವರೇ ಊರಲ್ಲಿರುವುದಿಲ್ಲ. ಸುಗ್ಗಿಯ ನಂತರ ಅನೇಕ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ಗುಳೆ ಹೋಗುತ್ತವೆ. ಮುಂಗಾರಿನ ಹೊತ್ತಿಗೆ ಮರಳುತ್ತವೆ.

ಅಧಿಕೃತ ವ್ಯಾಖ್ಯಾನಗಳು ಇದರ ಪರಿಣಾಮವನ್ನು ನಿರ್ಧರಿಸುತ್ತವೆ. 2011ರ ಜನಗಣತಿಯ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಅವರು ಸಿಕ್ಕಲ್ಲೇ ಎಣಿಸಬೇಕೆಂಬುದು ನಿಯಮ. ದೇಶದ ಒಟ್ಟು ಲೆಕ್ಕಕ್ಕೆ ಇದರಿಂದ ಕೊರತೆಯಾಗದೆ ಇರಬಹುದು, ಹುಟ್ಟೂರಿನ ಲೆಕ್ಕ ಮಾತ್ರ ಇಳಿಯುತ್ತದೆ. ಅದೇ ಲೆಕ್ಕ ಮುಂದಿನ ಮಾದರಿಗಳಲ್ಲಿ ಊರಿನ ಆಯ್ಕೆಯ ಸಾಧ್ಯತೆಯನ್ನು ನಿರ್ಧರಿಸುತ್ತದೆ.

ಹಬ್ಬಗಳೂ ಮನೆಯ ಸದಸ್ಯರ ಸಂಖ್ಯೆಯನ್ನು ಬದಲಿಸುತ್ತವೆ. ನಾಗರ ಪಂಚಮಿಯ ವಾರದಲ್ಲಿ ‘ನಿನ್ನೆ ರಾತ್ರಿ ಈ ಮನೆಯಲ್ಲಿ ಮಲಗಿದವರು’ ಎಂಬ ಆಧಾರದಲ್ಲಿ ಎಣಿಸಿದರೆ ತವರಿಗೆ ಬಂದ ಹೆಣ್ಣುಮಕ್ಕಳಿಂದ ಮನೆ ತುಂಬಿರುತ್ತದೆ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ವರ್ಷದ ಕೆಲಸವನ್ನು ಮೂರು ತಿಂಗಳ ಉಪಸುತ್ತುಗಳಾಗಿ ಹಂಚುವ ರೂಢಿ ಬೆಳೆಸಿಕೊಂಡದ್ದು ಇಂಥ ಏರಿಳಿತವನ್ನು ಸಮ ಮಾಡಲೆಂದೇ.

5. ಬದಲಿ ಮನೆಯ ಅಪಾಯ

ಆಯ್ಕೆಯಾದ ಮನೆಗೆ ಬೀಗ ಬಿದ್ದಿದ್ದರೆ ಪಕ್ಕದ ಮನೆಗೆ ಹೋಗುವುದು ಕ್ಷೇತ್ರಕಾರ್ಯದಲ್ಲಿ ಸಾಮಾನ್ಯ. ಇದರ ಪರಿಣಾಮವನ್ನು ಕಾಲ್ಪನಿಕ ಲೆಕ್ಕವೊಂದರಿಂದ ನೋಡಬಹುದು. ಆರಿಸಿದ 100 ಮನೆಗಳಲ್ಲಿ 30ಕ್ಕೆ ಬೀಗ ಬಿದ್ದಿದೆ. ಊರಲ್ಲಿರುವವರಲ್ಲಿ ಶೇ 20, ಗುಳೆ ಹೋದವರಲ್ಲಿ ಶೇ 60 ಕುಟುಂಬಗಳು ಭೂರಹಿತ ಎಂದುಕೊಳ್ಳೋಣ. ನಿಜವಾದ ಪ್ರಮಾಣ ಶೇ 32. ಬದಲಿ ಮನೆಗಳಿಂದ ನೂರು ತುಂಬಿಸಿದರೆ ಸಿಗುವ ಉತ್ತರ ಸುಮಾರು ಶೇ 20. ಸಾವಿರ ಮನೆ ಮಾಡಿದರೂ ಅದೇ ಶೇ 20, ಇನ್ನಷ್ಟು ಆತ್ಮವಿಶ್ವಾಸದೊಂದಿಗೆ. ವರದಿಯಲ್ಲಿ ‘ಉತ್ತರ ಪ್ರಮಾಣ ಶೇ 100’ ಎಂದು ಅಚ್ಚಾಗುವುದರಿಂದ ಓದುಗನಿಗೆ ಅನುಮಾನವೂ ಬರುವುದಿಲ್ಲ.

6. ಯಾರು ಉತ್ತರಿಸುತ್ತಾರೆ

ಅಗಸಿಯಿಂದಲೋ ಹನುಮಪ್ಪನ ಗುಡಿಯಿಂದಲೋ ನಡಿಗೆ ಶುರುಮಾಡಿ, ಕೋಟಾ ತುಂಬಿದಾಗ ನಿಲ್ಲಿಸಿದರೆ ಊರಂಚಿನ ಕೇರಿ ಉಳಿದುಬಿಡುತ್ತದೆ. ತೆರೆದ ಮನೆಯಲ್ಲೂ ‘ಗಂಡಸರು ಹೊಲಕ್ಕ ಹೋಗ್ಯಾರ, ಸಂಜಿಗೆ ಬರ್ರಿ’ ಎಂಬ ಮಾತು ಕೇಳಿ ಹಿಂದಿರುಗುವ ಗಣತಿದಾರ, ಎದುರಿಗೇ ಇದ್ದ ಉತ್ತರದಾತೆಯನ್ನು ಕೈಬಿಟ್ಟಿರುತ್ತಾನೆ. ‘ನೀವು ಕೆಲಸ ಮಾಡುತ್ತೀರಾ?’ ಎಂದು ಕೇಳಿದರೆ ಕಳೆ ತೆಗೆಯುವ, ಎಮ್ಮೆ ಕಟ್ಟುವ ಹೆಂಗಸು ‘ಇಲ್ರಿ, ಮನ್ಯಾಗ ಇರ್ತೀನಿ’ ಎಂದುಬಿಡಬಹುದು. ಕೆಲಸಗಳನ್ನು ಒಂದೊಂದಾಗಿ ಹೆಸರಿಸಿ, ಕಳೆದ ವಾರ ಮಾಡಿದಿರಾ ಎಂದು ಕೇಳುವುದು ಉತ್ತಮ. ತಾಂಡಾದಲ್ಲಿ ಲಂಬಾಣಿ ಬಲ್ಲ ಗಣತಿದಾರರು ಬೇಕು.

7. ಪ್ರಸ್ತಾವಿತ ವಿನ್ಯಾಸ

ಮೊದಲು, ನಾಲ್ಕು ಹಳೆಯ ತಾಲ್ಲೂಕುಗಳನ್ನು ನೀರಾವರಿ, ಖುಷ್ಕಿ, ಪಟ್ಟಣ ಎಂದು ಒಳವಿಂಗಡಿಸಿ, ಜನಸಂಖ್ಯೆಗೆ ಅನುಗುಣವಾದ ಸಾಧ್ಯತೆಯಲ್ಲಿ ಊರುಗಳನ್ನು ಆರಿಸಬೇಕು. ತಾಂಡಾ, ಕ್ಯಾಂಪುಗಳನ್ನು ಪ್ರತ್ಯೇಕ ಘಟಕಗಳಾಗಿ ಪಟ್ಟಿ ಮಾಡಬೇಕು.

ಎರಡನೆಯದಾಗಿ, ಹೆಚ್ಚು ಊರು, ಊರಿಗೆ ಕಡಿಮೆ ಮನೆ. ಒಂದೇ ಊರಿನ ಮನೆಗಳು ಪರಸ್ಪರ ಹೋಲುತ್ತವೆ. ಈ ಹೋಲಿಕೆಯ ಗುಣಾಂಕ 0.1 ಎಂದಿಟ್ಟುಕೊಂಡರೆ, 20 ಊರುಗಳಿಂದ 20ರಂತೆ ಪಡೆದ 400 ಮನೆಗಳು ಸರಳ ಯಾದೃಚ್ಛಿಕ ಮಾದರಿಯ ಸುಮಾರು 138 ಮನೆಗಳಿಗೆ ಸಮ. 40 ಊರುಗಳಿಂದ 10ರಂತೆ ಪಡೆದರೆ ಸುಮಾರು 210ಕ್ಕೆ ಸಮ.

ಮೂರನೆಯದಾಗಿ, ಮನೆಪಟ್ಟಿಯನ್ನು ಎಲ್ಲರೂ ಊರಲ್ಲಿರುವ ಮುಂಗಾರು ಹಂಗಾಮಿನಲ್ಲಿ ಸಿದ್ಧಪಡಿಸಿ, ಸಂದರ್ಶನವನ್ನು ಎರಡು ಋತುಗಳಿಗೆ ಹಂಚಬೇಕು. ಬೀಗ ಹಾಕಿದ ಮನೆಗೆ ಬದಲಿ ಬೇಡ. ಮರುಭೇಟಿ, ಫೋನ್ ಸಂದರ್ಶನ, ಅದೂ ಆಗದಿದ್ದರೆ ನೆರೆಯವರಿಂದ ಕನಿಷ್ಠ ವಿವರ ಪಡೆದು ತೂಕ ಹೊಂದಿಸಬೇಕು. ತಾಲ್ಲೂಕುಗಳ ಹೋಲಿಕೆಗೆಂದು ಸಮನಾಗಿ ಮಾದರಿ ಹಂಚಿದ್ದರೆ ಜಿಲ್ಲಾ ಸರಾಸರಿಗೆ ಜನಸಂಖ್ಯೆಯ ತೂಕ ಕಡ್ಡಾಯ.

ಕೊನೆಯದಾಗಿ, ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ರೂಪಿಸಿದ ಹೆಣೆದ ಉಪಮಾದರಿಗಳ ವಿಧಾನ ಇಲ್ಲಿ ಉಪಯುಕ್ತ. ಎರಡು ತಂಡಗಳು ಒಂದೇ ಪ್ರದೇಶದಲ್ಲಿ ಸ್ವತಂತ್ರವಾಗಿ ಅರ್ಧರ್ಧ ಮಾದರಿ ಮಾಡಿದರೆ, ಎರಡು ಉತ್ತರಗಳ ನಡುವಿನ ದೊಡ್ಡ ಅಂತರ ಕ್ಷೇತ್ರಕಾರ್ಯದ ದೋಷವನ್ನು ಬಯಲಿಗೆಳೆಯುತ್ತದೆ.

8. ಉಪಸಂಹಾರ

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅಂದರೆ ಎಣಿಕೆ ಮತ್ತೆ ಗುಳೆಯ ಕಾಲಕ್ಕೇ ಬೀಳುತ್ತದೆ, ಅದರ ಪಟ್ಟಿಯೇ ಮುಂದಿನ ವರ್ಷಗಳ ಮಾದರಿಗಳಿಗೆ ತಳಹದಿಯಾಗುತ್ತದೆ. ರಾಷ್ಟ್ರೀಯ ಗಣತಿಯ ದಿನಾಂಕ ಒಂದು ಜಿಲ್ಲೆಗಾಗಿ ಬದಲಾಗಲಾರದು. ಕುಷ್ಟಗಿ, ಯಲಬುರ್ಗಾದ ಆಯ್ದ ಊರುಗಳಲ್ಲಿ ಅದಕ್ಕೂ ಮುಂಚಿನ ಮುಂಗಾರಿನಲ್ಲಿ ಮನೆಪಟ್ಟಿ ಮಾಡಿಟ್ಟುಕೊಳ್ಳುವುದು ಮಾತ್ರ ಸ್ಥಳೀಯ ಕಾಲೇಜು, ವಿಶ್ವವಿದ್ಯಾಲಯಗಳ ಕೈಯಲ್ಲೇ ಇದೆ. ಎರಡು ಪಟ್ಟಿಗಳ ವ್ಯತ್ಯಾಸವನ್ನು ಊರುವಾರು ಪ್ರಕಟಿಸಿದರೆ ಜಿಲ್ಲೆಯ ಪ್ರತಿ ಸಮೀಕ್ಷೆಗೂ ಬಳಸಬಹುದಾದ ತಿದ್ದುಪಡಿ ತೂಕಗಳು ಮೊದಲ ಬಾರಿಗೆ ಅಳತೆಯ ಆಧಾರದಲ್ಲಿ ದೊರೆಯುತ್ತವೆ.